ಜಲಜನಕಕ್ಕೊಂದು ಲೋಹದ ಕಣಜ

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಬೆಳೆಯುವುದು ಎಷ್ಟು ಮುಖ್ಯವೋ ಬೆಳೆದದ್ದನ್ನು ಕೆಡದಂತೆ ಇಟ್ಟುಕೊಳ್ಳುವುದೂ ಅಷ್ಟೇ ಮುಖ್ಯ. ಈ ಮಾತನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಹಿರಿಯರು ಜೋಳ, ರಾಗಿಗಳಿಗೆ ಹಗೇವು ತೋಡಿದರು. ಭತ್ತಕ್ಕೆ ಕಣಜ ಕಟ್ಟಿದರು. ಕಾಳು ಯಾವುದೆಂದು ನೋಡಿ ಅದಕ್ಕೆ ತಕ್ಕ ಉಗ್ರಾಣ ಮಾಡಿದರು. ಶಕ್ತಿಯ ವಿಷಯಕ್ಕೂ ಇದೇ ಮಾತು ಸಲ್ಲುತ್ತದೆ. ಬಿಸಿಲು ಹಗಲಿನಲ್ಲಿ ಬೇಕಾದಷ್ಟಿದೆ, ರಾತ್ರಿ ಇಲ್ಲ. ಆಷಾಢದ ಗಾಳಿ ಪುಷ್ಯದಲ್ಲಿಲ್ಲ. ಸಿಕ್ಕಾಗ ಕೂಡಿಟ್ಟು ಬೇಕಾದಾಗ ತೆಗೆಯುವುದು ಹೇಗೆಂಬ ಪ್ರಶ್ನೆ ಬಂದಾಗಲೆಲ್ಲ ಈಚೆಗೆ ಜಲಜನಕದ ಹೆಸರು ಕೇಳಿಬರುತ್ತಿದೆ. ಹೈಡ್ರೋಜನ್ ಎಂದರೂ ಇದೇ.

ಕೇಂದ್ರ ಸರ್ಕಾರವು 2023ರ ಜನವರಿಯಲ್ಲಿ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ತಯಾರಿಸುವ ಗುರಿ ಅದರಲ್ಲಿದೆ. ಸುದ್ದಿ ಹಬ್ಬಿದಂತೆ ಊರೂರಿಗೆ ಮಾರಾಟದ ಮಾತೂ ಬರುತ್ತದೆ. ಆದ್ದರಿಂದ ಜಲಜನಕವನ್ನು ಲೋಹದೊಳಗೆ ತುಂಬಿಡುವ ವಿಧಾನ ಏನು, ತುಂಬುವುದು ಮತ್ತು ತೆಗೆಯುವುದು ಹೇಗೆ, ರೈತನ ಹೊಲದಲ್ಲಿ ಅದಕ್ಕೆ ಎಷ್ಟು ಜಾಗವಿದೆ ಎಂಬುದನ್ನು ಲೆಕ್ಕ ಹಾಕಿ ತಿಳಿದುಕೊಳ್ಳುವುದು ಒಳ್ಳೆಯದು.

ಜಲಜನಕ ನಮಗೆ ಹೊಸದಲ್ಲ

ಯೂರಿಯಾ ಎರಚುವ ರೈತನು ಜಲಜನಕವನ್ನು ಬಳಸಿಯೇ ಇದ್ದಾನೆ. ಗಾಳಿಯ ಸಾರಜನಕಕ್ಕೆ ಜಲಜನಕ ಕೂಡಿಸಿದರೆ ಅಮೋನಿಯಾ, ಅಮೋನಿಯಾದಿಂದ ಯೂರಿಯಾ. 45 ಕಿಲೊ ತೂಕದ ಒಂದು ಚೀಲ ಯೂರಿಯಾ ತಯಾರಿಸಲು ಸುಮಾರು ನಾಲ್ಕೂವರೆ ಕಿಲೊ ಜಲಜನಕ ಬೇಕು. ಇಂದು ಅದು ಬರುವುದು ಬಹುಮಟ್ಟಿಗೆ ನೈಸರ್ಗಿಕ ಅನಿಲದಿಂದ. ನೀರಿಗೆ ವಿದ್ಯುತ್ ಹಾಯಿಸಿಯೂ ಅದನ್ನು ಪಡೆಯಬಹುದು. ಬಿಸಿಲು ಅಥವಾ ಗಾಳಿಯ ವಿದ್ಯುತ್ತಿನಿಂದ ಹೀಗೆ ಪಡೆದದ್ದಕ್ಕೆ ಹಸಿರು ಹೈಡ್ರೋಜನ್ ಎಂಬ ಹೆಸರು.

ಒಂದು ಕಿಲೊ ಜಲಜನಕದಲ್ಲಿ ಸುಮಾರು 33 ಯೂನಿಟ್ ಶಕ್ತಿಯಿದೆ. ಇದು ಮೂರು ಲೀಟರಿಗಿಂತ ತುಸು ಹೆಚ್ಚು ಡೀಸೆಲ್‌ಗೆ ಸಮ. ಉರಿದ ಮೇಲೆ ಉಳಿಯುವುದು ನೀರಾವಿ. ಇಷ್ಟೆಲ್ಲ ಗುಣವಿದ್ದರೂ ಇದಕ್ಕೊಂದು ದೊಡ್ಡ ತೊಡಕಿದೆ. ಇದು ಎಲ್ಲ ಅನಿಲಗಳಿಗಿಂತ ಹಗುರ. ಒಂದು ಕಿಲೊ ಜಲಜನಕವು ಸಾಮಾನ್ಯ ಒತ್ತಡದಲ್ಲಿ ಸುಮಾರು 12,000 ಲೀಟರ್ ಜಾಗ ಹಿಡಿಯುತ್ತದೆ. ಅಂದರೆ ಎರಡು ದೊಡ್ಡ ನೀರಿನ ಟ್ಯಾಂಕರ್ ತುಂಬ ಅನಿಲವಿದ್ದರೂ ಒಂದು ಕ್ಯಾನ್ ಡೀಸೆಲ್‌ನಷ್ಟು ಕೆಲಸ ಅದರಿಂದ ಆಗದು.

ಮೂರು ಬಗೆಯ ಉಗ್ರಾಣ

ಮೊದಲನೆಯದು, ಒತ್ತಿ ತುಂಬುವುದು. ಕಾರ್ಖಾನೆಗಳಲ್ಲಿ ಕಾಣುವ ಉಕ್ಕಿನ ಸಿಲಿಂಡರಿನಲ್ಲಿ ವಾತಾವರಣದ ಒತ್ತಡದ ಸುಮಾರು 150 ಪಟ್ಟು ಒತ್ತಡವಿರುತ್ತದೆ. ಸಿಲಿಂಡರಿನ ತೂಕ ಹತ್ತಿರ ಹತ್ತಿರ 60 ಕಿಲೊ. ಒಳಗಿರುವ ಜಲಜನಕ ಬರಿಯ 600 ಗ್ರಾಂ. ಇಷ್ಟು ಭಾರ ಹೊತ್ತು ತಂದರೆ ದಕ್ಕುವುದು ಎರಡು ಲೀಟರ್ ಡೀಸೆಲ್‌ಗೆ ಸಮನಾದ ಶಕ್ತಿ. ಈಗಿನ ಜಲಜನಕ ಕಾರುಗಳಲ್ಲಿ ಇಂಗಾಲದ ನೂಲು ಸುತ್ತಿದ ಹಗುರವಾದ ಟ್ಯಾಂಕಿಗೆ 700 ಪಟ್ಟು ಒತ್ತಡದಲ್ಲಿ ತುಂಬುತ್ತಾರೆ. ಆ ಟ್ಯಾಂಕೂ ದುಬಾರಿ, ಒತ್ತುವ ಕಂಪ್ರೆಸರೂ ದುಬಾರಿ.

ಎರಡನೆಯದು, ದ್ರವ ಮಾಡುವುದು. ಇದಕ್ಕೆ ಸೊನ್ನೆಗಿಂತ 253 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ ಬೇಕು. ರಾಕೆಟ್ಟಿಗೆ ಇದು ಸರಿ, ನಮ್ಮ ಊರಿಗಲ್ಲ.

ಮೂರನೆಯದೇ ಇಂದಿನ ವಿಷಯ, ಲೋಹದೊಳಗೆ ಕೂಡಿಡುವುದು. ಕೆಲವು ಲೋಹಗಳೂ ಮಿಶ್ರಲೋಹಗಳೂ ಜಲಜನಕವನ್ನು ತಾವೇ ಹೀರಿಕೊಳ್ಳುತ್ತವೆ. ಹೀರಿಕೊಂಡ ಲೋಹಕ್ಕೆ ಲೋಹ ಹೈಡ್ರೈಡ್ ಎನ್ನುತ್ತಾರೆ.

ಲೋಹವು ಅನಿಲ ಕುಡಿಯುವುದೆಂದರೇನು?

1866ರಲ್ಲಿ ಸ್ಕಾಟ್ಲೆಂಡ್ ಮೂಲದ ರಸಾಯನ ವಿಜ್ಞಾನಿ ಥಾಮಸ್ ಗ್ರಹಾಂ ಒಂದು ಸಂಗತಿಯನ್ನು ಗಮನಿಸಿದರು. ಪಲ್ಲಾಡಿಯಂ ಎಂಬ ಬೆಲೆಬಾಳುವ ಲೋಹವು ತನ್ನ ಗಾತ್ರದ ನೂರಾರು ಪಟ್ಟು ಜಲಜನಕವನ್ನು ಒಳಗೆಳೆದುಕೊಳ್ಳುತ್ತದೆ. ಅನಿಲದ ಅಣುವು ಲೋಹದ ಮೈಮೇಲೆ ಎರಡು ಪರಮಾಣುಗಳಾಗಿ ಒಡೆಯುತ್ತದೆ. ತೆಂಗಿನಕಾಯಿ ರಾಶಿಯ ಮೇಲೆ ಸಾಸಿವೆ ಸುರಿದರೆ ಸಂದುಗಳೊಳಕ್ಕೆ ಇಳಿಯುವ ಹಾಗೆ ಈ ಪುಟ್ಟ ಪರಮಾಣುಗಳು ಲೋಹದ ಪರಮಾಣುಗಳ ನಡುವೆ ಇಳಿಯುತ್ತವೆ. ಆದರೆ ಸಾಸಿವೆ ಸಂದಿನಲ್ಲಿ ಸುಮ್ಮನೆ ಕೂರುತ್ತದೆ. ಜಲಜನಕವೋ ಲೋಹದೊಡನೆ ನಂಟು ಬೆಳೆಸುತ್ತದೆ.

ಪಲ್ಲಾಡಿಯಂ ಚಿನ್ನದ ಸಾಲಿಗೆ ಸೇರಿದ ಲೋಹವಾದ್ದರಿಂದ ಉಗ್ರಾಣ ಕಟ್ಟಲು ಆಗದು. ನೂರು ವರ್ಷಗಳ ನಂತರ ದಾರಿ ತೆರೆಯಿತು. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ರೈಲಿ ಮತ್ತು ವಿಸ್ವಾಲ್ ಎಂಬ ವಿಜ್ಞಾನಿಗಳು 1968ರಲ್ಲಿ ಮೆಗ್ನೀಸಿಯಂ-ನಿಕಲ್, 1974ರಲ್ಲಿ ಕಬ್ಬಿಣ-ಟೈಟೇನಿಯಂ ಮಿಶ್ರಲೋಹಗಳ ವಿವರ ಪ್ರಕಟಿಸಿದರು. ಈ ನಡುವೆ, 1970ರ ಸುಮಾರಿಗೆ, ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಅಯಸ್ಕಾಂತಗಳ ಬಗ್ಗೆ ಕೆಲಸ ಮಾಡುತ್ತಿದ್ದವರು ಒಂದು ಪಾಲು ಲ್ಯಾಂಥನಂ, ಐದು ಪಾಲು ನಿಕಲ್ ಪರಮಾಣುಗಳ ಮಿಶ್ರಲೋಹಕ್ಕೆ ಈ ಗುಣ ಚೆನ್ನಾಗಿದೆಯೆಂದು ಕಂಡರು. ಲ್ಯಾಂಥನಂ ಮುಂತಾದ ವಿರಳ ಧಾತುಗಳು ಕೇರಳ ಕರಾವಳಿಯ ಮರಳಿನ ಮೋನಜೈಟ್ ಖನಿಜದಲ್ಲಿವೆ.

ಬಿಸಿಯೇ ಇದರ ಬೀಗದ ಕೈ

ಸುಣ್ಣದ ಕಲ್ಲಿಗೆ ನೀರು ಹಾಕುವುದನ್ನು ನೀವೆಲ್ಲ ನೋಡಿದ್ದೀರಿ. ಕಲ್ಲು ನೀರನ್ನು ಕುಡಿಯುತ್ತದೆ, ಕೊತಕೊತನೆ ಬಿಸಿಯಾಗುತ್ತದೆ, ಉಬ್ಬುತ್ತದೆ, ಕೊನೆಗೆ ಪುಡಿಯಾಗುತ್ತದೆ. ಹೈಡ್ರೈಡ್ ಲೋಹವೂ ಹೆಚ್ಚುಕಡಿಮೆ ಹೀಗೆಯೇ. ಜಲಜನಕ ಕುಡಿದಾಗ ಬಿಸಿಯಾಗುತ್ತದೆ, ಉಬ್ಬುತ್ತದೆ, ಕೆಲವು ಸಲ ತುಂಬಿ ತೆಗೆಯುವಷ್ಟರಲ್ಲಿ ನುಣ್ಣನೆಯ ಪುಡಿಯಾಗುತ್ತದೆ. ಸುಣ್ಣಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಅರಳಿದ ಸುಣ್ಣವನ್ನು ಮತ್ತೆ ಕಲ್ಲು ಮಾಡಲು ಗೂಡಿನ ಉರಿ ಬೇಕು. ಲ್ಯಾಂಥನಂ-ನಿಕಲ್‌ನಿಂದ ಜಲಜನಕ ಬಿಡಿಸಲು ಬಿಸಿನೀರು ಸಾಕು. ಹೀಗೆ ತುಂಬಿ ತೆಗೆಯುವುದನ್ನು ಸಾವಿರಾರು ಸಲ ಮಾಡಬಹುದು.

ಒಂದು ಕಿಲೊ ಜಲಜನಕ ಈ ಮಿಶ್ರಲೋಹದೊಳಗೆ ಸೇರುವಾಗ ಹೊರಬರುವ ಶಾಖವು 100 ಲೀಟರ್ ನೀರನ್ನು ಸುಮಾರು 36 ಡಿಗ್ರಿ ಹೆಚ್ಚು ಬಿಸಿ ಮಾಡುವಷ್ಟು. ಆ ಶಾಖವನ್ನು ತೆಗೆಯದಿದ್ದರೆ ಲೋಹ ಕುಡಿಯುವುದನ್ನು ನಿಲ್ಲಿಸುತ್ತದೆ. ಹೊರಗೆ ತೆಗೆಯುವಾಗ ಅಷ್ಟೇ ಶಾಖವನ್ನು ಮತ್ತೆ ಕೊಡಬೇಕು. ಕೊಡದಿದ್ದರೆ ಪಾತ್ರೆ ತಣ್ಣಗಾಗಿ ಅನಿಲ ಬರುವುದು ನಿಲ್ಲುತ್ತದೆ. ಹೀಗಾಗಿ ಹೈಡ್ರೈಡ್ ಟ್ಯಾಂಕಿನಲ್ಲಿ ಅನಿಲದ ಕೊಳವೆಯಷ್ಟೇ ನೀರಿನ ಕೊಳವೆಯೂ ಮುಖ್ಯ. ನೀರಿನ ಏರ್ಪಾಡಿಲ್ಲದೆ ದೊಡ್ಡ ಟ್ಯಾಂಕನ್ನು ಬೇಗ ತುಂಬುತ್ತೇವೆಂದು ಯಾರಾದರೂ ಹೇಳಿದರೆ ಆ ಮಾತನ್ನು ನಂಬಬೇಡಿ.

ಒತ್ತಡವೂ ಉಷ್ಣತೆಯನ್ನೇ ಅವಲಂಬಿಸಿದೆ. 20 ಡಿಗ್ರಿಯಲ್ಲಿ ಈ ಲೋಹದೊಡನೆ ಇರುವ ಅನಿಲದ ಒತ್ತಡ ವಾತಾವರಣದ ಸುಮಾರು ಎರಡು ಪಟ್ಟು. ಕಾರಿನ ಟೈರಿನೊಳಗೆ ಇದಕ್ಕಿಂತ ಹೆಚ್ಚಿರುತ್ತದೆ. ಅದೇ ಪಾತ್ರೆಯನ್ನು 80 ಡಿಗ್ರಿಗೆ ಕಾಯಿಸಿದರೆ ಒತ್ತಡ ಸುಮಾರು 15 ಪಟ್ಟಿಗೆ ಏರುತ್ತದೆ. ತುಂಬಿದ ಪಾತ್ರೆಯನ್ನು ರಾಯಚೂರು, ಕಲಬುರಗಿಯ ಬೇಸಿಗೆಯ ಬಿಸಿಲಿನಲ್ಲಿ ಏಕೆ ಇಡಬಾರದೆಂಬುದು ಇದರಿಂದ ತಿಳಿಯುತ್ತದೆ.

ತುಂಬುವ, ತೆಗೆಯುವ, ವರ್ಗಾಯಿಸುವ ಕ್ರಮ

ಹೊಸ ಮಿಶ್ರಲೋಹದ ಮೈಮೇಲೆ ತೆಳುವಾದ ಆಕ್ಸೈಡ್ ಪೊರೆ ಇರುತ್ತದೆ. ಮೊದಲು ಪಾತ್ರೆಯೊಳಗಿನ ಗಾಳಿಯನ್ನು ಪೂರ್ತಿ ಹೊರಗೆಳೆದು, ಒತ್ತಡದಲ್ಲಿ ಜಲಜನಕ ಕೊಟ್ಟು ಲೋಹವನ್ನು ಹದಗೊಳಿಸಬೇಕು. ಲ್ಯಾಂಥನಂ-ನಿಕಲ್ ಸುಲಭವಾಗಿ ಹದಕ್ಕೆ ಬರುತ್ತದೆ. ಕಬ್ಬಿಣ-ಟೈಟೇನಿಯಂ ಅಗ್ಗವಾದರೂ ಅದನ್ನು ಸುಮಾರು 400 ಡಿಗ್ರಿಗೆ ಕಾಯಿಸಿ ಹದಗೊಳಿಸಬೇಕಾಗುತ್ತದೆ. ಈ ಕೆಲಸ ಕಾರ್ಖಾನೆಯಲ್ಲಿಯೇ ಆಗಬೇಕು.

ತುಂಬುವಾಗ ತಣ್ಣೀರು ಹರಿಸಿ, ಅನಿಲವನ್ನು ಹದವಾದ ಒತ್ತಡದಲ್ಲಿ ಬಿಡುತ್ತಾರೆ. ತೆಗೆಯುವಾಗ ಬಿಸಿನೀರು ಹರಿಸುತ್ತಾರೆ. ಎಂಜಿನ್ನಿಗೆ ಜೋಡಿಸಿದ್ದರೆ ಅದರ ರೇಡಿಯೇಟರಿನ ಬಿಸಿನೀರೇ ಸಾಕು. ವ್ಯರ್ಥವಾಗುತ್ತಿದ್ದ ಶಾಖಕ್ಕೆ ಹೀಗೊಂದು ಉಪಯೋಗ ಸಿಕ್ಕಿತು.

ಒಂದು ಪಾತ್ರೆಯಿಂದ ಇನ್ನೊಂದಕ್ಕೆ ವರ್ಗಾಯಿಸಲು ಕಂಪ್ರೆಸರ್ ಬೇಕೆಂದಿಲ್ಲ. ತುಂಬಿದ್ದನ್ನು ಬೆಚ್ಚಗಿಟ್ಟು, ಖಾಲಿ ಇರುವುದನ್ನು ತಣ್ಣಗಿಟ್ಟು, ನಡುವಿನ ಕವಾಟ ತೆರೆದರೆ ಅನಿಲ ತಾನಾಗಿ ಬಿಸಿ ಪಾತ್ರೆಯಿಂದ ತಣ್ಣನೆಯ ಪಾತ್ರೆಗೆ ಹರಿಯುತ್ತದೆ. ಇದೇ ಗುಣದಿಂದ ತಿರುಗುವ ಭಾಗಗಳಿಲ್ಲದ ಕಂಪ್ರೆಸರನ್ನೂ ಮಾಡುತ್ತಾರೆ. ತಣ್ಣಗಿರುವಾಗ ಕಡಿಮೆ ಒತ್ತಡದಲ್ಲಿ ಕುಡಿಸುವುದು, ಬಿಸಿ ಮಾಡಿ ಹೆಚ್ಚಿನ ಒತ್ತಡದಲ್ಲಿ ಬಿಡಿಸುವುದು. ಎರಡು ಬಗೆಯ ಹೈಡ್ರೈಡ್‌ಗಳನ್ನು ಜೋಡಿಸಿ ಶಾಖದಿಂದಲೇ ತಂಪು ಉಂಟುಮಾಡುವ ಯಂತ್ರಗಳ ಬಗ್ಗೆ ಮದರಾಸಿನ ಐಐಟಿಯಲ್ಲಿ ಪ್ರೊಫೆಸರ್ ಎಸ್. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು ಬಹುಕಾಲ ಸಂಶೋಧನೆ ನಡೆಸಿದ್ದಾರೆ. ಹಣ್ಣು ತರಕಾರಿ ಕೆಡದಂತೆ ಇಡುವ ಕೆಲಸಕ್ಕೆ ಇಂಥ ಯಂತ್ರ ಮುಂದೆ ನೆರವಾದೀತು.

ಒಂದು ಎಚ್ಚರಿಕೆ. ಒತ್ತಡದ ಗಡಿಯಾರ ನೋಡಿ ಈ ಪಾತ್ರೆಯಲ್ಲಿ ಎಷ್ಟು ಉಳಿದಿದೆಯೆಂದು ಹೇಳಲಾಗದು. ಉಷ್ಣತೆ ಒಂದೇ ಸಮ ಇದ್ದರೆ, ಬಹುಪಾಲು ಖಾಲಿಯಾಗುವವರೆಗೂ ಮುಳ್ಳು ಹೆಚ್ಚು ಅಲುಗುವುದಿಲ್ಲ. ಅಡುಗೆ ಅನಿಲದ ಸಿಲಿಂಡರನ್ನು ಎತ್ತಿ ನೋಡಿ ಹೇಳುವಂತೆ ಹೇಳೋಣವೆಂದರೆ 100 ಕಿಲೊ ಲೋಹ ತುಂಬಿದಾಗ ಏರುವ ತೂಕ ಒಂದೂವರೆ ಕಿಲೊಗಿಂತ ಕಡಿಮೆ. ಒಳಗೆ ಹೋದದ್ದನ್ನೂ ಹೊರಗೆ ಬಂದದ್ದನ್ನೂ ಮೀಟರಿನಿಂದ ಅಳೆದು ಲೆಕ್ಕ ಇಡುವುದೇ ಸರಿಯಾದ ದಾರಿ.

ಗುಣವೂ ಉಂಟು, ದೋಷವೂ ಉಂಟು

ದೊಡ್ಡ ಗುಣವೆಂದರೆ ಜಾಗದ ಉಳಿತಾಯ. ಲ್ಯಾಂಥನಂ-ನಿಕಲ್‌ನೊಳಗೆ ಜಲಜನಕವು ದ್ರವ ಜಲಜನಕಕ್ಕಿಂತಲೂ ಒತ್ತಾಗಿ ಕೂರುತ್ತದೆ. ಎರಡನೆಯ ಗುಣ ಸುರಕ್ಷತೆ. ಕೊಳವೆ ಒಡೆದು ಅನಿಲ ಹೊರಬರತೊಡಗಿದರೆ ಲೋಹ ತಾನೇ ತಣ್ಣಗಾಗಿ ಸೋರಿಕೆ ನಿಧಾನವಾಗುತ್ತದೆ. ಮೂರನೆಯದು, ವರ್ಷವಿಡೀ ಇಟ್ಟರೂ ಕರಗಿಹೋಗುವುದಿಲ್ಲ.

ದೋಷಗಳಲ್ಲಿ ಮೊದಲನೆಯದು ತೂಕ. ಲ್ಯಾಂಥನಂ-ನಿಕಲ್‌ನ ತೂಕದಲ್ಲಿ ಜಲಜನಕದ ಪಾಲು ನೂರಕ್ಕೆ 1.4, ಕಬ್ಬಿಣ-ಟೈಟೇನಿಯಂನಲ್ಲಿ ನೂರಕ್ಕೆ 1.8ರಷ್ಟು. ಮೆಗ್ನೀಸಿಯಂ ನೂರಕ್ಕೆ 7.6ರಷ್ಟು ಹಿಡಿಯುತ್ತದೆ, ಆದರೆ ಬಿಡಿಸಲು ಸುಮಾರು 300 ಡಿಗ್ರಿ ಬಿಸಿ ಬೇಕು. ಸಲೀಸಾಗಿ ಬಿಡುವ ಲೋಹ ಕಡಿಮೆ ಹಿಡಿಯುತ್ತದೆ; ಹೆಚ್ಚು ಹಿಡಿಯುವುದು ಬಿಡಲೊಲ್ಲದು. ಅರ್ಧ ಶತಮಾನದ ಸಂಶೋಧನೆ ಈ ಎರಡರ ನಡುವೆಯೇ ನಡೆದಿದೆ.

ಎರಡನೆಯದು, ಲೋಹದ ನಾಜೂಕು. ಆಮ್ಲಜನಕ, ನೀರಾವಿ, ಕಾರ್ಬನ್ ಮಾನಾಕ್ಸೈಡ್, ಗಂಧಕದ ಅನಿಲ ಇವುಗಳಿಂದ ಲೋಹದ ಮೈ ಕೆಡುತ್ತದೆ. ಗೋಬರ್ ಗ್ಯಾಸಿನಿಂದ ಜಲಜನಕ ತೆಗೆಯುವ ಮಾತು ಆಗಾಗ ಕೇಳಿಬರುತ್ತದೆ. ಗೋಬರ್ ಗ್ಯಾಸಿನಲ್ಲಿ ಗಂಧಕದ ಅನಿಲವಿದೆ, ಅದರಿಂದ ಜಲಜನಕ ಮಾಡುವಾಗ ಕಾರ್ಬನ್ ಮಾನಾಕ್ಸೈಡೂ ಹುಟ್ಟುತ್ತದೆ. ಚೆನ್ನಾಗಿ ಶುದ್ಧಿ ಮಾಡದೆ ಹೈಡ್ರೈಡ್‌ಗೆ ತುಂಬಿದರೆ ಟ್ಯಾಂಕ್ ಹಾಳು.

ಮೂರನೆಯದು, ಉಬ್ಬುವಿಕೆ. ಲ್ಯಾಂಥನಂ-ನಿಕಲ್ ತುಂಬಿದಾಗ ನೂರಕ್ಕೆ ಸುಮಾರು 25ರಷ್ಟು ಹಿಗ್ಗುತ್ತದೆ. ಕಡಲೆಯನ್ನು ಡಬ್ಬಿಯ ತುಂಬ ತುಂಬಿ ಮುಚ್ಚಳ ಬಿಗಿದು ನೆನೆಹಾಕಿದರೆ ಏನಾಗುತ್ತದೆಂದು ಯೋಚಿಸಿ. ಆದ್ದರಿಂದ ಪಾತ್ರೆಯಲ್ಲಿ ಖಾಲಿ ಜಾಗ ಬಿಡಬೇಕು, ಪುಡಿಯು ತಳದಲ್ಲಿ ಗಟ್ಟಿಯಾಗಿ ಕೂರದಂತೆ ಒಳಗೆ ಅಂಕಣ ಮಾಡಬೇಕು.

ಎಲ್ಲಿ ಬಳಸಿದ್ದಾರೆ?

ಜರ್ಮನಿಯ ಡೈಮ್ಲರ್-ಬೆನ್ಜ್ ಕಂಪನಿಯು 1984ರಿಂದ 1988ರವರೆಗೆ ಬರ್ಲಿನ್ ನಗರದಲ್ಲಿ ಹೈಡ್ರೈಡ್ ಟ್ಯಾಂಕಿನ ಹತ್ತು ವಾಹನಗಳನ್ನು ಓಡಿಸಿ ಪರೀಕ್ಷಿಸಿತು. ವಾಹನಗಳು ಓಡಿದವು, ಟ್ಯಾಂಕಿನ ತೂಕ ಸೋಲಿಸಿತು. ನಮ್ಮ ದೇಶದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಪ್ರೊಫೆಸರ್ ಓಂಕಾರನಾಥ ಶ್ರೀವಾಸ್ತವ ಮತ್ತು ಸಂಗಡಿಗರು ಹೈಡ್ರೈಡ್ ಟ್ಯಾಂಕಿನ ಮೋಟಾರ್ ಸೈಕಲ್, ತ್ರಿಚಕ್ರ ವಾಹನಗಳನ್ನು ಓಡಿಸಿ ತೋರಿಸಿದರು. ಶ್ರೀವಾಸ್ತವರು 2021ರಲ್ಲಿ ತೀರಿಕೊಂಡರು.

ತೂಕ ಹೊರೆಯಾಗದ ಕಡೆ ಹೈಡ್ರೈಡ್ ಗೆದ್ದಿದೆ. ಜರ್ಮನಿಯ 212ಎ ಮಾದರಿಯ ಜಲಾಂತರ್ಗಾಮಿಗಳಲ್ಲಿ ಜಲಜನಕ ಇರುವುದು ಲೋಹ ಹೈಡ್ರೈಡ್ ಸಿಲಿಂಡರುಗಳಲ್ಲಿ. ಅದೇ ಬಗೆಯ ಮಿಶ್ರಲೋಹವನ್ನು ಬ್ಯಾಟರಿಗೂ ಬಳಸಿದರು. 1997ರಲ್ಲಿ ಜಪಾನಿನಲ್ಲಿ ಬಂದ ಟೊಯೊಟಾ ಪ್ರಿಯಸ್ ಕಾರಿನಲ್ಲಿ ಇದ್ದದ್ದು ನಿಕಲ್-ಲೋಹ ಹೈಡ್ರೈಡ್ ಬ್ಯಾಟರಿ. ಅಂಗಡಿಯಲ್ಲಿ ಸಿಗುವ, ಮತ್ತೆ ಮತ್ತೆ ಚಾರ್ಜು ಮಾಡುವ ಸಣ್ಣ ಸೆಲ್ಲುಗಳಲ್ಲೂ ಅದೇ ಇದೆ.

ನಮ್ಮ ಹೊಲದ ಲೆಕ್ಕ

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರೋಣ. ಹಗಲಿನ ಸೋಲಾರ್ ವಿದ್ಯುತ್ತಿನಿಂದ ಜಲಜನಕ ಮಾಡಿ, ಹೈಡ್ರೈಡ್‌ನಲ್ಲಿಟ್ಟು, ರಾತ್ರಿ ಪಂಪು ಓಡಿಸಬಹುದೇ? ಓಡಿಸಬಹುದು. ಗಿಟ್ಟುತ್ತದೆಯೇ ಎಂಬುದನ್ನು ಲೆಕ್ಕ ಹೇಳಲಿ.

ಐದು ಅಶ್ವಶಕ್ತಿಯ ಪಂಪು ಗಂಟೆಗೆ ಸುಮಾರು 4.5 ಯೂನಿಟ್ ಎಳೆಯುತ್ತದೆ. ನಾಲ್ಕು ಗಂಟೆಗೆ 18 ಯೂನಿಟ್. ಜಲಜನಕದಿಂದ ನೇರ ವಿದ್ಯುತ್ ಕೊಡುವ ಇಂಧನಕೋಶವು ಅದರ ಶಕ್ತಿಯ ಅರ್ಧದಷ್ಟನ್ನು ವಿದ್ಯುತ್ತಾಗಿ ಕೊಡುತ್ತದೆಂದು ಹಿಡಿದರೆ ಬೇಕಾಗುವ ಜಲಜನಕ 1.1 ಕಿಲೊ. ಅದನ್ನು ಹಿಡಿಯಲು 80ರಿಂದ 90 ಕಿಲೊ ಲ್ಯಾಂಥನಂ-ನಿಕಲ್ ಬೇಕು. ಪಾತ್ರೆ, ಕೊಳವೆಗಳ ತೂಕ ಬೇರೆ. ಲೋಹದ ಪುಡಿ ಒಂದೆರಡು ಕೊಡದಷ್ಟು ಜಾಗದಲ್ಲಿ ಕೂರುತ್ತದೆ. ಬಾವಿಯ ಬಳಿ ಒಂದೇ ಕಡೆ ಇರುವ ಯಂತ್ರಕ್ಕೆ ಈ ತೂಕ ದೊಡ್ಡದಲ್ಲ. ಇಲ್ಲಿಯವರೆಗೆ ಅಡ್ಡಿಯಿಲ್ಲ.

ಆದರೆ ನೀರನ್ನು ಒಡೆದು ಒಂದು ಕಿಲೊ ಜಲಜನಕ ಪಡೆಯಲು ಸುಮಾರು 55 ಯೂನಿಟ್ ವಿದ್ಯುತ್ ಬೇಕು; 1.1 ಕಿಲೊಗೆ 60 ಯೂನಿಟ್. 60 ಯೂನಿಟ್ ಹಾಕಿ 18 ಯೂನಿಟ್ ತೆಗೆದಂತಾಯಿತು. ಹತ್ತು ಚೀಲ ಜೋಳ ಹಗೇವಿಗೆ ಹಾಕಿ ಮೂರು ಚೀಲ ಹೊರಗೆ ತೆಗೆದರೆ ಅದನ್ನು ಉಗ್ರಾಣವೆನ್ನಲು ಯಾವ ರೈತನೂ ಒಪ್ಪುವುದಿಲ್ಲ. ಬ್ಯಾಟರಿಯಾದರೆ ಹತ್ತಕ್ಕೆ ಎಂಟೋ ಒಂಬತ್ತೋ ಮರಳಿ ಬರುತ್ತವೆ. ಇದಲ್ಲದೆ ವಿದ್ಯುತ್ತಿನಿಂದ ಒಡೆಯುವ ನೀರು ಲವಣವಿಲ್ಲದ ಶುದ್ಧ ನೀರಾಗಿರಬೇಕು. ಕೊಳವೆಬಾವಿಯ ಗಡಸು ನೀರನ್ನು ನೇರವಾಗಿ ಹಾಕಿದರೆ ಯಂತ್ರ ಕೆಡುತ್ತದೆ.

ಇದಕ್ಕಿಂತ ಸರಳವಾದ ಉಗ್ರಾಣ ನಮ್ಮಲ್ಲಿದೆ. ಬಿಸಿಲಿರುವಾಗ ಸೋಲಾರ್ ಪಂಪಿನಿಂದ ನೀರೆತ್ತಿ ಕೃಷಿ ಹೊಂಡದಲ್ಲೋ ಎತ್ತರದ ತೊಟ್ಟಿಯಲ್ಲೋ ತುಂಬಿಡುವುದು. ಅಲ್ಲಿ ಆವಿಯಾಗಿ, ಇಂಗಿ ಹೋಗುವುದಷ್ಟೇ ನಷ್ಟ. ನೀರಾವರಿಗೆ ಶಕ್ತಿಯನ್ನು ಕೂಡಿಡುವುದಕ್ಕಿಂತ ನೀರನ್ನೇ ಕೂಡಿಡುವುದು ಲೇಸು. ಹೈಡ್ರೈಡ್‌ಗೆ ಜಾಗವಿರುವುದು ತಿಂಗಳುಗಟ್ಟಲೆ ಶಕ್ತಿ ಇಡಬೇಕಾದ ಕಡೆ, ಬರುವ ಶಾಖವನ್ನೂ ಬಳಸಿಕೊಳ್ಳುವ ಕಡೆ, ಜಲಜನಕವೇ ಬೇಕಾದ ಕಾರ್ಖಾನೆಗಳಲ್ಲಿ. ರೈತನಿಗೆ ಹಸಿರು ಜಲಜನಕದ ಲಾಭ ಸದ್ಯಕ್ಕೆ ಬರುವುದಾದರೆ ಗೊಬ್ಬರದ ಚೀಲದ ಮೂಲಕ ಬಂದೀತು, ಪಂಪಿನ ಮೂಲಕ ಅಲ್ಲ.

ವಿಸ್ತರಣಾ ಕಾರ್ಯಕರ್ತರು ತಿಳಿಸಬೇಕಾದ ಅಂಶಗಳು

1. ಜಲಜನಕ ಶಕ್ತಿಯ ಗಣಿಯಲ್ಲ, ಉಗ್ರಾಣ. ನೀರಿನಿಂದಲೇ ಎಂಜಿನ್ ಓಡುತ್ತದೆಂದು ಹೇಳಿ ಕಿಟ್ ಮಾರಲು ಬಂದವರನ್ನು ನಂಬಿ ಸಾಲ ಮಾಡಬೇಡಿ. ನೀರನ್ನು ಒಡೆಯಲು ಕೊಟ್ಟ ಶಕ್ತಿಗಿಂತ ಹೆಚ್ಚು ಶಕ್ತಿ ಅದರಿಂದ ಎಂದೂ ಬರುವುದಿಲ್ಲ.

2. ಹೈಡ್ರೈಡ್ ಟ್ಯಾಂಕ್ ತೋರಿಸಿದರೆ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಕಿಲೊ ಜಲಜನಕ ಹಿಡಿಯುತ್ತದೆ? ತುಂಬಲು ಎಷ್ಟು ಯೂನಿಟ್ ಬೇಕು, ಮರಳಿ ಎಷ್ಟು ಬರುತ್ತದೆ? ಬಿಸಿ ಮತ್ತು ತಂಪಿನ ಏರ್ಪಾಡು ಏನು? ಲೋಹದ ಮೈ ಕೆಟ್ಟರೆ ರಿಪೇರಿ ಯಾರದು?

3. ಜಲಜನಕದ ಪಾತ್ರೆಗೆ ಕೇಂದ್ರದ ಸ್ಫೋಟಕ ಸುರಕ್ಷತಾ ಸಂಸ್ಥೆಯಾದ ಪೆಸೊದ ಒಪ್ಪಿಗೆ ಇರಬೇಕು. ಅಡುಗೆ ಅನಿಲದ ಸಿಲಿಂಡರ್, ವೆಲ್ಡಿಂಗಿನ ಆಮ್ಲಜನಕ ಸಿಲಿಂಡರ್, ಹಳೆಯ ಡ್ರಮ್ ಇವುಗಳಲ್ಲಿ ಜಲಜನಕ ತುಂಬುವುದು ಪ್ರಾಣಕ್ಕೆ ಅಪಾಯ.

4. ಗಾಳಿಯಲ್ಲಿ ಜಲಜನಕ ನೂರಕ್ಕೆ 4ರಿಂದ 75ರವರೆಗೆ ಎಷ್ಟು ಬೆರೆತಿದ್ದರೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಇದಕ್ಕೆ ವಾಸನೆಯಿಲ್ಲ, ಉರಿ ಹಗಲಿನಲ್ಲಿ ಕಾಣುವುದಿಲ್ಲ. ಮೇಲಕ್ಕೇರುವ ಅನಿಲವಾದ್ದರಿಂದ ಕೋಣೆಯ ಚಾವಣಿಯಲ್ಲಿ ಗಾಳಿ ಹೋಗಲು ತೆರಪಿರಬೇಕು. ಬೀಡಿ, ಸ್ವಿಚ್ಚು, ದೀಪ ಹತ್ತಿರ ಬೇಡ.

5. ತುಂಬಿದ ಪಾತ್ರೆ ನೆರಳಿನಲ್ಲಿರಲಿ. ಯಾವ ಕಾರಣಕ್ಕೂ ಬಿಚ್ಚಿ ನೋಡಬೇಡಿ. ಒಳಗಿನ ನುಣ್ಣನೆಯ ಲೋಹದ ಪುಡಿ ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳಬಹುದು.

ಹೊಸ ವಿದ್ಯೆಯನ್ನು ಹಂಗಿಸಬಾರದು, ಲೆಕ್ಕ ನೋಡದೆ ತಲೆಯ ಮೇಲೆ ಹೊತ್ತುಕೊಳ್ಳಲೂಬಾರದು. ಹೊಸ ತಳಿ ಬಂದಾಗ ಒಂದು ಮಡಿಯಲ್ಲಿ ಹಾಕಿ ನೋಡಿ, ಖರ್ಚು ಹುಟ್ಟುವಳಿ ಬರೆದಿಟ್ಟು, ಆಮೇಲೆ ಎಕರೆಗಟ್ಟಲೆ ಬಿತ್ತುವ ಜಾಣತನ ನಿಮ್ಮಲ್ಲಿದೆ. ಶಕ್ತಿಯ ಉಗ್ರಾಣಕ್ಕೂ ಅದೇ ಅಳತೆಗೋಲು ಇರಲಿ. ಒಳಗೆ ಎಷ್ಟು ಹಾಕಿದೆ, ಹೊರಗೆ ಎಷ್ಟು ಬಂತು ಎಂದು ಕೇಳುವ ರೈತನಿಗೆ ಮೋಸವಾಗುವುದಿಲ್ಲ.